ಮರದ ಕೆಳಗಿನ ಮಾತು

ಜಗಳ ಶುರುವಾದದ್ದು ಹಾಲಿನಿಂದ. ಹೆಂಡತಿ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋಗುವಾಗ "ಸ್ವಲ್ಪ ಹಾಲು ನೋಡ್ಕೊಳ್ಳಿ" ಎಂದು ಹೇಳಿ ಹೋಗಿದ್ದಳು. ಬಂದು ನೋಡಿದರೆ ಹಾಲು ಒಲೆಯೆಲ್ಲ ಹರಿದು ಕಟ್ಟೆಯಿಂದ ಕೆಳಗೆ ತೊಟ್ಟಿಕ್ಕುತ್ತಿತ್ತು. ಗಂಡ ಒಲೆಯಿಂದ ಎರಡು ಹೆಜ್ಜೆ ದೂರದಲ್ಲಿ ನಿಂತು ಆರಾಮಾಗಿ ಹಗ್ಗ ಸುತ್ತುತ್ತಿದ್ದ.

"ನೋಡ್ಕೊಳ್ಳಿ ಅಂದಿದ್ನಲ್ಲ?"

"ನೋಡ್ತಾನೇ ಇದ್ದೆ."

ಇಂಥ ಉತ್ತರ ಕೊಟ್ಟವನ ಜೊತೆ ಯಾವ ಹೆಂಗಸು ತಾನೇ ಮಾತಾಡಿಯಾಳು? ಇವಳೂ ಬಿಟ್ಟಳು. ಆ ಮನೆಯಲ್ಲಿ ಪಾತ್ರೆ ಎಸೆಯುವುದು, ಬೀದಿಗೆ ಕೇಳುವಂತೆ ಕೂಗಾಡುವುದು ಯಾವತ್ತೂ ಇರಲಿಲ್ಲ. ಜಗಳವೆಂದರೆ ಮಾತು ಬಿಡುವುದು, ಅಷ್ಟೇ. ಗಂಡ ಹೆಂಡತಿ ಮೂತಿ ಉಬ್ಬಿಸಿಕೊಂಡಿದ್ದಷ್ಟು ದಿನವೂ ಮಾತುಗಳನ್ನು ಆಚೆಯಿಂದ ಈಚೆಗೆ ಸಾಗಿಸುವ ಕೆಲಸ ಹನ್ನೊಂದು ವರ್ಷದ ಮಗಳದ್ದು. ಅಜ್ಜಿ ಅದಕ್ಕೇ ಅವಳಿಗೆ ಟಪಾಲು ಎಂದು ಹೆಸರಿಟ್ಟಿದ್ದರು.

"ನಿಮ್ಮಪ್ಪನಿಗೆ ಹೇಳು, ಬ್ರೆಡ್ಡು ಡಬ್ಬೀಲಿದೆ ಅಂತ."

"ನಿಮ್ಮಮ್ಮನಿಗೆ ಹೇಳು, ನನಗೆ ಹಸಿವಿಲ್ಲ ಅಂತ."

"ಅಮ್ಮ, ಅಪ್ಪಂಗೆ ಹಸಿವಿದೆ. ಇಲ್ಲ ಅಂತ ಹೇಳು ಅಂದ್ರು" ಎಂದು ಟಪಾಲು ತಲುಪಿಸಿ, ಪರೀಕ್ಷೆಯ ಕೊನೆಯ ದಿನವಾದ್ದರಿಂದ ಚೀಲ ಎತ್ತಿಕೊಂಡು ಓಡಿದಳು.

ಅವರದ್ದು ಮರ ಹತ್ತುವ ಮನೆ. ಊರಿನ ಕಾಂಪೌಂಡುಗಳಲ್ಲಿ ತಂತಿಗೆ ತಾಗುವ ಕೊಂಬೆ, ಹೆಂಚಿನ ಮೇಲೆ ಒರಗಿದ ಕೊಂಬೆ, ಒಣಗಿ ಯಾರ ತಲೆಯ ಮೇಲೋ ಬೀಳಲು ಕಾದ ಕೊಂಬೆ, ಎಲ್ಲವನ್ನೂ ಹಗ್ಗ ಕಟ್ಟಿಕೊಂಡು ಹತ್ತಿ ಇಳಿಸುವುದು ಅವರ ಕೆಲಸ. ಮೊದಲು ಮಾವ ಹತ್ತುತ್ತಿದ್ದರು, ಕೆಳಗೆ ಅತ್ತೆ ಹಗ್ಗ ಹಿಡಿಯುತ್ತಿದ್ದರು. ಮೂವತ್ತು ವರ್ಷ ಹಾಗೇ ನಡೆಯಿತು. ಮಾವ ತೀರಿಕೊಂಡ ಮೇಲೆ ಮಗ ಹತ್ತಿದ. ಹೋದ ವರ್ಷ ಮಗನ ಬಲಭುಜ ಕೈಕೊಟ್ಟಿತು. ಕೈಯನ್ನು ತಲೆಗಿಂತ ಮೇಲೆ ಎತ್ತಲೇಬಾರದು ಎಂದು ಡಾಕ್ಟರು ಹೇಳಿದ ದಿನ ಅವನು ಮನೆಗೆ ಬಂದು ಗೋಡೆಗೆ ಮುಖಮಾಡಿ ಮಲಗಿದ್ದ.

ಆಗ "ನಾನು ಹತ್ತುತೀನಿ" ಎಂದವಳು ಸೊಸೆ. ಮೂವತ್ತನಾಲ್ಕು ವರ್ಷ, ದರ್ಜಿಯ ಅಂಗಡಿಯಲ್ಲಿ ಗುಂಡಿ ಹೊಲಿದು ಕಾಜಾ ಮಾಡಿ ಅಭ್ಯಾಸವಾದ ಕೈ. ಗಂಡ ನಕ್ಕ. ಅತ್ತೆ ನಗಲಿಲ್ಲ. ಅಡುಗೆಮನೆಯ ಕಿಟಕಿ ಸರಳಿಗೆ ಹಗ್ಗ ಕಟ್ಟಿ ಗಂಟು ಹಾಕುವುದನ್ನು ಹೇಳಿಕೊಟ್ಟರು. ಅನ್ನ ಬೇಯುವಷ್ಟು ಹೊತ್ತಿನಲ್ಲಿ ನೂರು ಗಂಟು ಹಾಕಿ ನೂರು ಬಿಚ್ಚಬೇಕು. ಹೊಲಿಗೆಯ ಕೈಗೆ ಗಂಟು ಬೇಗ ಒಲಿಯಿತು. ಎರಡನೆಯ ತಿಂಗಳಿಗೆ ಮೊದಲ ಕೊಂಬೆ, ಐದನೆಯ ತಿಂಗಳಿಗೆ ಮರದ ಅರ್ಧ. ಆಮೇಲೊಂದು ದಿನ ಎತ್ತರದ ಮರವೊಂದರ ನೆತ್ತಿಯಿಂದ ತಲೆ ಹೊರಗೆ ಹಾಕಿದಾಗ, ದಿನಾ ತಾನು ತರಕಾರಿ ಚೀಲ ಹೊತ್ತು ನಡೆಯುವ ಬೀದಿ ಒಂದು ಅಂಗೈಯಷ್ಟಾಗಿ ಬಿದ್ದಿರುವುದು ಅವಳಿಗೆ ಕಂಡಿತು. ಮೈ ಝುಂ ಎಂದಿತು. ಬುಡದಲ್ಲಿ ಬಂಡೆಯಂತಿದ್ದ ಮರ ಮೇಲೆ ಮಗುವಿನ ಹಾಗೆ ಅಲುಗುತ್ತಿತ್ತು, ಅವಳೂ ಅದರ ಜೊತೆ ಅಲುಗುತ್ತಿದ್ದಳು. ಇಷ್ಟು ವರ್ಷ ಇದನ್ನೆಲ್ಲ ಯಾರೂ ತನಗೆ ಹೇಳಲಿಲ್ಲವಲ್ಲ ಅನ್ನಿಸಿತು. ಇಳಿದು ಬಂದು ಅವಳೂ ಯಾರಿಗೂ ಹೇಳಲಿಲ್ಲ. ಮೇಲೆ ಏನು ಕಂಡಿತೆಂದು ಗಂಡನೂ ಕೇಳಲಿಲ್ಲ. ಎಂಟು ತಿಂಗಳಲ್ಲಿ ಅವನು ಒಂದು ಸಲವೂ ಕೇಳಿರಲಿಲ್ಲ.

ಆ ಕೆಲಸದಲ್ಲಿ ಒಂದು ಕಟ್ಟಳೆ ಇತ್ತು. ಹತ್ತುವವರ ಸೊಂಟಪಟ್ಟಿಯಿಂದ ಉದ್ದ ಹಗ್ಗ ಮೇಲಿನ ಕವಲನ್ನು ಬಳಸಿ ಕೆಳಗಿನವರ ಕೈಗೆ ಬರುತ್ತದೆ. ಇನ್ನೊಂದು ಗಿಡ್ಡ ಹಗ್ಗ ಹತ್ತುವವರನ್ನು ಕೂತ ಕೊಂಬೆಗೇ ಬಿಗಿದಿರುತ್ತದೆ. ಜಾಗ ಬದಲಿಸಬೇಕಾದರೆ ಗಿಡ್ಡ ಹಗ್ಗದ ಕೊಕ್ಕೆ ಬಿಚ್ಚಬೇಕು. ಬಿಚ್ಚುವ ಮುಂಚೆ ಮೇಲಿನವರು "ಬಿಗಿನಾ?" ಎನ್ನಬೇಕು. ಕೆಳಗಿನವರು ಸಡಿಲವನ್ನೆಲ್ಲ ಎಳೆದುಕೊಂಡು "ಬಿಗಿ" ಎನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಕೊಕ್ಕೆ ಮುಟ್ಟುವಂತಿಲ್ಲ.

ಹಾಲು ಉಕ್ಕಿದ ಆ ದಿನ ಅವರಿಗೆ ಹಲ್ಲಿನ ಡಾಕ್ಟರ ಕಾಂಪೌಂಡಿನ ಹುಣಸೆ ಮರದಲ್ಲಿ ಕೆಲಸ. ಅಲ್ಲಿ ಟಪಾಲು ಇರಲಿಲ್ಲ. ಅವಳು ಬೇಕಾದಷ್ಟು ಎತ್ತರಕ್ಕೆ ಹತ್ತಿದಳು, ಕೂತಳು, ಆಚೆ ಕೊಂಬೆಗೆ ದಾಟಬೇಕಾಗಿ ಬಂತು. ಬಾಯಿ ಬಿಡದೆ ಹಗ್ಗವನ್ನು ಎರಡು ಸಲ ಜಗ್ಗಿದಳು. ಕೆಳಗೆ ಹಗ್ಗ ಹಿಡಿದಿದ್ದ ಗಂಡನಿಂದ ಮಾತಿಲ್ಲ. ಕೊಕ್ಕೆ ಬಿಚ್ಚಿದಳು. ಹಿಂದಕ್ಕೆ ಭಾರ ಬಿಟ್ಟಳು. ಅವಳನ್ನು ಹಿಡಿಯುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಎರಡಾಳುದ್ದ ಬಿದ್ದಳು. ಕೂಗುವುದಕ್ಕೂ ಪುರುಸೊತ್ತಾಗಲಿಲ್ಲ. ಆಮೇಲೆ ಸೊಂಟ ಮುರಿದೇಹೋಯಿತು ಎನ್ನುವಂತೆ ಹಗ್ಗ ಎಳೆದು ನಿಲ್ಲಿಸಿತು, ಅವಳು ತಲೆಕೆಳಗಾಗಿ ತೂಗಾಡಿದಳು. ಕಣ್ಣಿನಿಂದ ಒಂದು ಗೇಣು ದೂರದಲ್ಲಿ ಕತ್ತರಿಸಿ ಬಿಟ್ಟಿದ್ದ ಮೊನಚು ಕೊಂಬೆಯ ತುದಿಯಿತ್ತು. ಅದು ಹೋದ ವಾರ ಅವಳೇ ಕತ್ತರಿಸಿದ್ದು. ಗಂಡ ಅವಳನ್ನು ನಿಧಾನಕ್ಕೆ ನೆಲಕ್ಕಿಳಿಸಿದ. ಅವನ ಎರಡೂ ಅಂಗೈ ಚರ್ಮ ಕಿತ್ತು ರಕ್ತವಾಗಿತ್ತು.

ಮನೆಯಲ್ಲಿ ಅತ್ತೆ ಮೊದಲು ನೋಡಿದ್ದು ಮಗನ ಕೈ.

"ಏನೋ ಇದು?"

"ಹಗ್ಗ ಜಾರ್ತು."

"ಹಗ್ಗ ತಾನಾಗೇ ಜಾರಲ್ಲ. ಬಿಗಿ ಅಂದಿದ್ಯಾ?"

ಅವನು ಕೈ ನೋಡಿಕೊಂಡ. ಅತ್ತೆ ಸೊಸೆಯ ಕಡೆ ತಿರುಗಿದರು. "ನೀನು ಕೇಳಿದ್ಯಾ?"

ಅವಳು ನೆಲ ನೋಡಿದಳು. ಟಪಾಲು ಇಬ್ಬರನ್ನೂ ನೋಡಿ, "ಅಜ್ಜಿ, ಬೆಳಿಗ್ಗೆಯಿಂದ ಇವರಿಬ್ರೂ ಮಾತು ಬಿಟ್ಟಿದ್ರು" ಎಂದಳು. ಈ ಸಲದ ಟಪಾಲನ್ನು ಯಾರೂ ಕಳಿಸಿರಲಿಲ್ಲ.

ಅತ್ತೆ ಬೈಯಲಿಲ್ಲ. ಅರಿಸಿನ ಕಲಸಿ ಮಗನ ಅಂಗೈಗೆ ಹಚ್ಚುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದರು: "ನಿಮ್ಮಪ್ಪನ ಜೊತೆ ನಾನು ಒಂದ್ಸಲ ಹನ್ನೊಂದು ದಿನ ಮಾತು ಬಿಟ್ಟಿದ್ದೆ. ಹನ್ನೊಂದು ದಿನವೂ ಕೆಲಸ ಇತ್ತು. ದಿನಕ್ಕೆ ನೂರು ಸಲ ಬಿಗಿ ಅಂದಿದ್ದೀನಿ. ಅದು ಗಂಡನ ಜೊತೆ ಆಡೋ ಮಾತಲ್ಲ ಕಣೋ, ಮರದ ಕೆಳಗೆ ಆಡೋ ಮಾತು. ಮನೆ ಸಿಟ್ಟನ್ನ ಮರದ ತನಕ ಹೊತ್ಕೊಂಡು ಹೋದವರನ್ನ ಇವತ್ತೇ ನೋಡಿದ್ದು ನಾನು."

ಸೊಸೆಯ ಸೊಂಟದ ಕಂದಿದ ಗಾಯ ಒಂದು ವಾರದಲ್ಲಿ ಮಾಯಿತು. ಮಾಯದೇ ಉಳಿದದ್ದು ಬೇರೆ. ಮೇಲಿನ ಹಲಗೆಯ ಮೇಲಿದ್ದ ಬೇಳೆ ಡಬ್ಬಿ ತೆಗೆಯಲು ಸ್ಟೂಲಿನ ಮೇಲೆ ಒಂದು ಕಾಲಿಟ್ಟರೆ ಸಾಕು, ಮಂಡಿ ಗಡಗಡ ನಡುಗಿ ಕಾಲು ಕೆಳಗಿಳಿಸುತ್ತಿದ್ದಳು. ಬೇಲಿ ಕತ್ತರಿಸುವುದು, ಗಿಡ ಸವರುವುದು ಎಂದು ಗಂಡ ನೆಲದ ಮೇಲಿನ ಕೆಲಸ ಹುಡುಕಿಕೊಂಡ. ಈಗ ಅವರು ಮಾತಾಡುತ್ತಿದ್ದರು, ನಿಜ. ಉಪ್ಪು ಬೇಕಾ, ಸಾಕು, ಬಾಗಿಲು ಹಾಕು. ಟಪಾಲಿಗೆ ಕೆಲಸವಿರಲಿಲ್ಲ. ಆದರೆ ಆ ಮಾತು ಮೌನಕ್ಕಿಂತ ಕಡೆಯಾಗಿತ್ತು.

ಹತ್ತು ದಿನದ ಮೇಲೆ ಶಾಲೆಯ ಹೆಡ್ ಮೇಡಂ ಮನೆಗೇ ಬಂದರು. ಶಾಲೆಯ ಅಂಗಳದಲ್ಲಿ ಒಂದು ಮಳೆಮರವಿದೆ. ಅದರ ನೆರಳಲ್ಲಿ ಒಂದೇ ಸಲ ನಾಲ್ಕು ತರಗತಿ ಕೂರಿಸಬಹುದು. ಅದರ ಒಂದು ದೊಡ್ಡ ಕೊಂಬೆ ಒಣಗಿ, ಸರಿಯಾಗಿ ಮಕ್ಕಳ ನೀರಿನ ನಲ್ಲಿಗಳ ಮೇಲೆ ನೇತಾಡುತ್ತಿತ್ತು.

"ಶಾಲೆ ತೆರೆಯೋಕೆ ಇನ್ನು ಮೂರು ವಾರ ಇದೆ" ಎಂದರು ಮೇಡಂ, ಕೊಟ್ಟ ಚಹಾ ಮುಟ್ಟದೆ. "ಅಷ್ಟರೊಳಗೆ ಕೊಂಬೆ ಇಳೀಬೇಕು. ಯಂತ್ರದವರನ್ನ ಕೇಳಿದೆ. ಒಂದು ಕೊಂಬೆಗೆಲ್ಲ ಬರೋದಿಲ್ಲ, ಬುಡಕ್ಕೇ ಗರಗಸ ಹಾಕ್ತೀವಿ ಅಂದ್ರು. ನಿಮ್ಮಿಂದ ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ನಾನು ಅವರಿಗೇ ಹೇಳ್ತೀನಿ."

"ಆಗುತ್ತೆ. ನಾನೇ ಹತ್ತುತೀನಿ" ಎಂದ ಗಂಡ.

ಮೇಡಂ ಹೋದ ಮೇಲೆ ಊಟಕ್ಕೆ ಕೂತಾಗ ಅತ್ತೆ ತಟ್ಟೆ ಮುಟ್ಟಲಿಲ್ಲ.

"ಆ ಬೇಳೆ ಡಬ್ಬಿ ತೆಗಿ" ಎಂದರು ಮಗನಿಗೆ.

"ಈಗ್ಯಾಕಮ್ಮ ಬೇಳೆ?"

"ತೆಗಿ ಅಂದೆ."

ಅವನು ಎದ್ದು ಬಲಗೈ ಎತ್ತಿದ. ಕೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಹಲ್ಲು ಕಚ್ಚಿ ಇನ್ನೊಂದಿಷ್ಟು ಎತ್ತಿದ, ಹಣೆಯ ಮೇಲೆ ಬೆವರು ಒಡೆಯಿತು, ಕೈ ತಾನಾಗಿ ಇಳಿಯಿತು. ಸೊಸೆ ಎದ್ದು ಸ್ಟೂಲು ಎಳೆದಳು, ಕಾಲಿಟ್ಟಳು, ಅವಳ ಕಾಲೂ ಇಳಿಯಿತು. ಮರ ಹತ್ತುವ ಮನೆಯಲ್ಲಿ ಒಂದು ಬೇಳೆ ಡಬ್ಬಿ ಇಳಿಸುವವರಿಲ್ಲ. ಕೊನೆಗೆ ಟಪಾಲು ಎಂಜಲುಗೈಯಲ್ಲೇ ಸ್ಟೂಲು ಹತ್ತಿ ಡಬ್ಬಿ ತಂದು ಅಜ್ಜಿಯ ಮುಂದೆ ಕುಕ್ಕಿದಳು. ಅವಳಿಗೆ ನಗು ಬಂದಿತ್ತು, ಎಲ್ಲರ ಮುಖ ನೋಡಿ ನುಂಗಿಕೊಂಡಳು.

"ನಾಳೆ ಬೆಳಿಗ್ಗೆ ಹಿತ್ತಿಲಿಗೆ ಬಾ" ಎಂದರು ಅತ್ತೆ ಸೊಸೆಗೆ. "ಸೊಂಟಪಟ್ಟಿ ತಗೊಂಡು ಬಾ."

"ನನ್ನ ಕೈಲಾಗಲ್ಲ ಅತ್ತೆ."

"ಹತ್ತು ಅಂತ ಯಾರಂದ್ರು?"

ಹಿತ್ತಿಲಲ್ಲಿ ಒಂದು ಬೇವಿನ ಮರವಿತ್ತು. ಅತ್ತೆ ಹಗ್ಗವನ್ನು ಅದರ ಕವಲಿಗೆ ಎಸೆದು ಕಟ್ಟಿ, ತಮ್ಮ ಕಡೆಯ ತುದಿಯನ್ನು ಬುಡಕ್ಕೆ ಒಂದು ಸುತ್ತು ಸುತ್ತಿಕೊಂಡು ನಿಂತರು. ಎಪ್ಪತ್ತು ವರ್ಷದ ಹೆಂಗಸು, ಗಾಳಿ ಬಂದರೆ ಹಾರಿಹೋಗುವ ಮೈ. ಸೊಸೆಯನ್ನು ನೆಲದಿಂದ ಒಂದೇ ಅಡಿ ಮೇಲಿನ ಬೊಡ್ಡೆಯ ಮೇಲೆ ನಿಲ್ಲಿಸಿದರು.

"ಬೀಳು."

"ಏನು?"

"ಬೀಳು ಅಂದೆ. ಹತ್ತೋದು ಎಂಟು ತಿಂಗಳು ಕಲಿಸಿದ್ವಿ. ಬೀಳೋದು ಕಲಿಸೋಕೆ ಮರೆತುಬಿಟ್ಟೆ. ನನ್ನದೇ ತಪ್ಪು."

ಅವಳು ಕಣ್ಣು ಮುಚ್ಚಿ "ಬಿಗಿನಾ?" ಎಂದಳು. "ಬಿಗಿ" ಬಂತು. ಭಾರ ಬಿಟ್ಟಳು. ಹಗ್ಗ ಅವಳನ್ನು ತೊಟ್ಟಿಲಿನ ಹಾಗೆ ಹಿಡಿಯಿತು. ಕಣ್ಣು ಬಿಟ್ಟು ನೋಡಿದರೆ ಅತ್ತೆ ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದು ಕೈಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಹಗ್ಗ ಹಿಡಿದ ಕೈಯಲ್ಲೂ ಮುಷ್ಟಿಯಿರಲಿಲ್ಲ, ಎರಡು ಬೆರಳು ಮತ್ತು ಒಂದು ಹೆಬ್ಬೆರಳು ಮಾತ್ರ. ಸೂಜಿಗೆ ದಾರ ಪೋಣಿಸುವಾಗ ಹಿಡಿಯುತ್ತಾರಲ್ಲ, ಹಾಗೆ. ತನ್ನ ಇಡೀ ಮೈಯ ಭಾರ ಆ ಮೂರು ಬೆರಳಲ್ಲಿದೆ ಎಂದು ತಿಳಿದಾಗ ಸೊಸೆ ಬೆರಗಾದಳು. ಹದಿಮೂರು ವರ್ಷದಿಂದ ಈ ಕೈ ಬಡಿಸಿದ್ದನ್ನು ಉಂಡಿದ್ದಳು. ಈ ಕೈ ಏನೆಂದು ಇವತ್ತು ಗೊತ್ತಾಗುತ್ತಿತ್ತು.

"ಎಷ್ಟು ಸಲ ಹೀಗೆ ಹಿಡಿದಿದ್ದೀರಿ ಅತ್ತೆ?"

"ನಿಮ್ಮ ಮಾವ ಬಿದ್ದದ್ದು ಹದಿನಾರು ಸಲ. ಊರಿಗೆ ಒಂದೂ ಗೊತ್ತಿಲ್ಲ. ಇನ್ನೊಂದ್ಸಲ ಬೀಳು."

ಆ ಬೆಳಿಗ್ಗೆ ಮೂವತ್ತು ಸಲ ಬಿದ್ದಳು. ಮಾರನೇ ದಿನ ಎರಡು ಅಡಿ, ಅದರ ಮಾರನೇ ದಿನ ನಾಲ್ಕು. ವಾರದ ಕೊನೆಗೆ ಬೇವಿನ ಎರಡನೇ ಕವಲಿನಿಂದ ಬೀಳುವಾಗ ಅವಳಿಗೆ ನಗು ಬರುತ್ತಿತ್ತು. ಆ ದಿನ ಸ್ಟೂಲು ಹತ್ತಿ ಬೇಳೆ ಡಬ್ಬಿಯನ್ನು ತಾನೇ ತೆಗೆದಳು. ಟಪಾಲು ಚಪ್ಪಾಳೆ ತಟ್ಟಿದಳು.

"ಸರಿ" ಎಂದರು ಅತ್ತೆ, "ಇನ್ನು ಹಗ್ಗ ಅವನು ಹಿಡೀಲಿ."

ಅಲ್ಲೇ ಕಷ್ಟ ಬಂತು. ಮಾಯ್ದ ಅಂಗೈಗೆ ಬಟ್ಟೆ ಸುತ್ತಿಕೊಂಡು ಗಂಡ ಹಗ್ಗ ಹಿಡಿದು ನಿಂತ. ಅವಳು ಒಂದೇ ಅಡಿಯ ಬೊಡ್ಡೆಯ ಮೇಲಿದ್ದಳು. "ಬಿಗಿನಾ?" ಎಂದಳು. "ಬಿಗಿ" ಎಂದ. ಅವಳ ಕೈ ಕೊಕ್ಕೆಯ ಮೇಲೆ ಹೆಪ್ಪುಗಟ್ಟಿತು. ಮತ್ತೆ ಕೇಳಿದಳು, ಮತ್ತೆ ಹೇಳಿದ. ನಾಲ್ಕನೇ ಸಲಕ್ಕೆ ಅವಳು ಪಟ್ಟಿ ಬಿಚ್ಚಿ ಒಳಗೆ ನಡೆದುಬಿಟ್ಟಳು. ಅವಳು ಹೆದರುತ್ತಿದ್ದದ್ದು ಎತ್ತರಕ್ಕಲ್ಲ ಎಂದು ಹಿತ್ತಿಲಲ್ಲಿದ್ದ ಎಲ್ಲರಿಗೂ ಗೊತ್ತಾಯಿತು, ಅವನಿಗೂ.

"ಶಾಲೆ ಮರಕ್ಕೆ ನೀವೇ ಬನ್ನಿ ಅತ್ತೆ" ಎಂದಳು ಅಡುಗೆಮನೆಯಲ್ಲಿ.

"ನಾನು ಬರಲ್ಲ. ನಾನೆಷ್ಟು ದಿನ ಹಗ್ಗ ಹಿಡ್ಕೊಂಡು ಕೂತಿರ್ತೀನಿ? ನೀನು ಬಾಳ್ವೆ ಮಾಡ್ತಿರೋದು ನನ್ನ ಜೊತೆ ಅಲ್ಲ."

ಶಾಲೆ ತೆರೆಯಲು ಐದು ದಿನ ಉಳಿದಿತ್ತು. ಸಂಜೆ ಗಂಡ ಹೆಂಡತಿ ನಡುವೆ ಒಂದು ಬುಟ್ಟಿ ಹಸಿ ಬಟಾಣಿ ಇಟ್ಟು, ಸುಲಿಯಿರಿ ಎಂದು ಹೇಳಿ ಅತ್ತೆ ಮೊಮ್ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದರು. ಇಬ್ಬರೂ ಅರ್ಧ ಬುಟ್ಟಿ ಸುಲಿದರು.

"ಒಂದು ಹೇಳಬೇಕು" ಎಂದ ಅವನು. "ನೀನು ಎರಡು ಸಲ ಜಗ್ಗಿದೆ. ನನಗೆ ಗೊತ್ತಾಯ್ತು."

ಅವಳು ಕೈ ನಿಲ್ಲಿಸಿದಳು.

"ನೀನು ದಾಟ್ತೀಯ ಅಂತ ಗೊತ್ತಾಯ್ತು. ಬಾಯಿಬಿಟ್ಟು ಕೇಳಲಿ, ಆಮೇಲೆ ಬಿಗೀತೀನಿ ಅಂದ್ಕೊಂಡೆ. ಸಡಿಲ ಹಾಗೇ ಬಿಟ್ಟು ನಿಂತಿದ್ದೆ. ಜಾರಲಿಲ್ಲ ಅದು. ನನ್ನ ಕೈಲೇ ಸಡಿಲ ಇತ್ತು." ಅವನ ದನಿ ಒಡೆಯಿತು. "ದಿನಾ ಕಣ್ಮುಚ್ಚಿದ್ರೆ ಅದೇ ಬರುತ್ತೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬುಟ್ಟಿ ಎತ್ತಿ ಅವನ ತಲೆಗೆ ಹಾಕೋಣ ಅನ್ನಿಸಿತು. ಹಾಕಲಿಲ್ಲ, ಯಾಕೆಂದರೆ ಹೇಳುವುದು ಅವಳಿಗೂ ಒಂದಿತ್ತು.

"ನನಗೂ ಗೊತ್ತಿತ್ತು" ಎಂದಳು. "ಹಗ್ಗ ಸಡಿಲ ಇರೋದು ಜಗ್ಗಿದಾಗಲೇ ಗೊತ್ತಾಯ್ತು. ಅವರಾಗೇ ಹೇಳಲಿ, ನಾನ್ಯಾಕೆ ಕೇಳಬೇಕು ಅಂದ್ಕೊಂಡು ಬಿಚ್ಚಿದೆ."

"ಹಾಲಿಗೋಸ್ಕರ."

"ಅರ್ಧ ಲೀಟರ್ ಹಾಲಿಗೆ."

ಅವರು ಒಬ್ಬರನ್ನೊಬ್ಬರು ನೋಡಿದರು. ಯಾರಿಗೂ ನಗು ಬರಲಿಲ್ಲ. ಎಂಥ ಜಾಗಕ್ಕೆ ಹೋಗಿ ವಾಪಸ್ ಬಂದಿದ್ದೇವೆ ಎಂದು ಆಗ ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಉಳಿದ ಬಟಾಣಿ ಸುಲಿದರು. ಆಮೇಲೆ ಬೆಳಕಿರುವಾಗಲೇ ಹಿತ್ತಿಲಿಗೆ ಹೋಗಿ, ಅವಳು ಅವನ ಹಗ್ಗದ ಮೇಲೆ ಒಂದು ಸಲ ಬಿದ್ದಳು. ಮುಂದಿನ ಮೂರು ದಿನವೂ ಬೆಳಿಗ್ಗೆ ಸಂಜೆ ಅದೇ ಕೆಲಸ.

ಶಾಲೆ ತೆರೆಯುವ ಹಿಂದಿನ ದಿನ ಬೆಳಿಗ್ಗೆ ಎಲ್ಲರೂ ಮಳೆಮರದ ಕೆಳಗಿದ್ದರು. ಬರಲ್ಲ ಎಂದ ಅತ್ತೆಯೂ ಬಂದಿದ್ದರು. ಟಪಾಲನ್ನು ಪಕ್ಕದಲ್ಲಿಟ್ಟುಕೊಂಡು, ಹಗ್ಗಕ್ಕೆ ಬೆನ್ನು ಹಾಕಿ ದೂರದ ಕಟ್ಟೆಯ ಮೇಲೆ ಕೂತಿದ್ದರು. ಹೆಡ್ ಮೇಡಂ ಕೊಠಡಿಯ ಕಿಟಕಿಯಲ್ಲಿ ನಿಂತಿದ್ದರು. ಸೊಸೆ ಕೆಳಗಿನಿಂದ ತಲೆಯೆತ್ತಿ ನೋಡಿದಳು. ಕಾಂಡವನ್ನು ತಬ್ಬಲು ಐದು ಜನ ಬೇಕು. ಕೊಂಬೆಗಳು ಮೇಲೆ ಹೋಗಿ, ಹರಡಿ, ಮತ್ತೆ ಹರಡಿ, ಆಕಾಶಕ್ಕೆ ಜಾಗವೇ ಇಲ್ಲದ ಹಾಗೆ ಮಾಡಿದ್ದವು. ಇಂಥದ್ದನ್ನು ಒಂದು ಮಧ್ಯಾಹ್ನದಲ್ಲಿ ನೆಲಕ್ಕೆ ಕೆಡವುವ ಯಂತ್ರವಿದೆ ಎಂಬುದು ಅವಳಿಗೆ ನಂಬಲಾಗಲಿಲ್ಲ.

ಹತ್ತಿದಳು. ಮೊದಲ ಕವಲಿನಲ್ಲಿ ನಿಂತುಬಿಟ್ಟಳು. ತೊಗಟೆಗೆ ಕೆನ್ನೆಯೊತ್ತಿ ಉಸಿರು ಹಿಡಿದಳು. ಕೆಳಗೆ ಅವನು ಅವಸರ ಮಾಡಲಿಲ್ಲ, ಧೈರ್ಯ ಹೇಳಲಿಲ್ಲ. ಕೇಳಿದಾಗ ಮಾತ್ರ "ಬಿಗಿ" ಎಂದ. ಅವಳು ಕೊಕ್ಕೆ ಬಿಚ್ಚಿ ದಾಟಿದಳು, ಹಗ್ಗ ಜೊತೆಗೇ ಬಂತು. ಆಮೇಲೆ ಇನ್ನೊಂದು. ಒಣಕೊಂಬೆಯನ್ನು ತುದಿಯಿಂದ ತುಂಡು ತುಂಡಾಗಿ ಗರಗಸ ಹಾಕಿ, ಪ್ರತಿ ತುಂಡನ್ನೂ ಬೇರೊಂದು ಹಗ್ಗದಲ್ಲಿ ಇಳಿಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ನಲ್ಲಿಗಳ ಮೇಲೆ ಬರೀ ಬೆಳಕಿತ್ತು.

"ಆಯ್ತು" ಎಂದ ಗಂಡ. "ಇಳಿ."

ಅವಳು ಮೇಲೆ ನೋಡಿದಳು. ಇನ್ನೂ ಮೂರಾಳುದ್ದ ಮರವಿತ್ತು. ಅಲ್ಲಿ ಕೆಲಸವೇನೂ ಇರಲಿಲ್ಲ.

"ಇನ್ನೊಂದು ಸ್ವಲ್ಪ ಹೋಗ್ತೀನಿ."

ಅವನು ಯಾಕೆ ಎಂದು ಕೇಳಲಿಲ್ಲ. ಅವಳು ಉದ್ದ ಹಗ್ಗವನ್ನು ಮೇಲಿನ ಕವಲಿಗೆ ದಾಟಿಸಿಕೊಂಡು, ಕೇಳುತ್ತಾ, ಉತ್ತರ ಕೇಳಿಸಿಕೊಳ್ಳುತ್ತಾ ಹತ್ತಿದಳು. ಎಲೆಗಳ ಚಾವಣಿಯಿಂದ ತಲೆ ಹೊರಗೆ ಬಂತು. ಸುತ್ತಲೂ ಆ ಮರದ ನೆತ್ತಿಯೇ ಒಂದು ಹಸಿರು ಗದ್ದೆಯಂತೆ ಹರಡಿತ್ತು, ನೆಲದಲ್ಲಿದ್ದವರು ಯಾರೂ ನೋಡದ ನಸುಗೆಂಪು ಹೂವುಗಳು ಅದರ ತುಂಬ ಅರಳಿದ್ದವು, ಅವುಗಳ ಮೇಲೆ ಸಾವಿರ ಜೇನ್ನೊಣ. ಗಾಳಿ ಬಂದಾಗ ಇಡೀ ಗದ್ದೆ ಎದ್ದು ಇಳಿಯಿತು, ಅವಳೂ ಎದ್ದು ಇಳಿದಳು. ಮಂಡಿ ನಡುಗಲಿಲ್ಲ. ಕಣ್ಣಲ್ಲಿ ನೀರು ಬಂತು, ಹಾಗೇ ಬಿಟ್ಟಳು.

ಕೆಳಗಿನಿಂದ ದನಿ ಬಂತು, ತುಂಬ ಸಣ್ಣದಾಗಿ.

"ಏ... ಏನು ಕಾಣ್ತಿದೆ?"

ಎಂಟು ತಿಂಗಳು ಅವನು ಇದನ್ನೇ ಕೇಳದೆ ಹಲ್ಲು ಕಚ್ಚಿಕೊಂಡಿದ್ದ ಎಂಬುದು, ಕಳೆದುಹೋದದ್ದು ಬರೀ ಭುಜವಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ಎಲೆಗಳ ನಡುವೆ ಬಗ್ಗಿ ನೋಡಿದಳು. ಹಗ್ಗವನ್ನು ಎದೆಗೊತ್ತಿ ಹಿಡಿದು ಅವನು ಮುಖವೆತ್ತಿ ನಿಂತಿದ್ದ.

"ಹೂವಿದೆ" ಎಂದಳು. "ನೆತ್ತಿ ತುಂಬ ಹೂವು. ಜೇನ್ನೊಣ ಮುತ್ತಿದೆ."

"ಎಡಗಡೆ ನೋಡು. ಹೊಳೆ ಕಾಣಬೇಕು. ನಾನು ಹತ್ತಿದಾಗ ಕಾಣ್ತಿತ್ತು."

ಅವಳು ನೋಡಿದಳು. ಹೊಸ ಕಟ್ಟಡವೊಂದು ಅಡ್ಡ ಬಂದಿತ್ತು. ಇಲ್ಲ ಎನ್ನಲು ಬಾಯಿ ಬರಲಿಲ್ಲ. "ತಡೀರಿ" ಎಂದಳು. "ಬಿಗಿನಾ?"

"ಬಿಗಿ."

ಕೊಕ್ಕೆ ಬಿಚ್ಚಿ, ಮಣಿಕಟ್ಟಿನಷ್ಟೇ ದಪ್ಪದ ಕೊಂಬೆಯ ಪಕ್ಕಕ್ಕೆ ಸರಿದು, ಕಾಲು ಕೊಂಬೆಯಲ್ಲೇ ಇಟ್ಟು, ಮೈಯ ಭಾರವನ್ನೆಲ್ಲ ಅವನ ಹಗ್ಗಕ್ಕೆ ಬಿಟ್ಟು ಹಿಂದಕ್ಕೆ ವಾಲಿದಳು. ಕಟ್ಟಡದ ಅಂಚಿನಾಚೆ ಏನೋ ಮಿನುಗಿತು.

"ಕಂಡಿತು. ಒಂದು ಚೂರು. ಹೊಳೀತಿದೆ."

ಹಗ್ಗ ಬಿಗಿಯಾಗೇ ಇತ್ತು.

"ಇನ್ನೂ ಹೇಳು" ಎಂದ ಅವನು.